ನಿಕ್ಕಾರ್ 28 ಎಂಎಂ ಎಫ್/2.8: ಒಳಗೆ ಬೂಷ್ಟಿನ ಎಳೆ ಇದೆ, ತಗೋಬಹುದಾ?

ಗಿರಿಸಾಲು35 (ಚಿಕ್ಕಮಗಳೂರು)

ನನ್ನ ನಿಕಾನ್ ಎಫ್‌ಎಂ2 ಫಿಲಮ್ ಕ್ಯಾಮೆರಾಗೆ ಒಂದು ವೈಡ್ ಲೆನ್ಸ್ ಹುಡುಕ್ತಿದೀನಿ. ಊರಲ್ಲೇ ಒಬ್ಬರ ಹತ್ತಿರ ನಿಕ್ಕಾರ್ 28 ಎಂಎಂ ಎಫ್/2.8 ಇದೆ. ಎಐ-ಎಸ್ (ನಂತರದ ಮಾದರಿ) ಅಂತಾರೆ, ಬರೀ ಎಐ (ಅದಕ್ಕೂ ಹಿಂದಿನದು) ಇರಬಹುದೇನೋ ಅಂತ ನನಗೆ ಅನುಮಾನ. ಟಾರ್ಚ್ ಬಿಟ್ಟು ನೋಡಿದ್ರೆ ಒಳಗಿನ ಯಾವುದೋ ಗಾಜಿನ ಅಂಚಲ್ಲಿ ಜೇಡರ ಬಲೆ ಥರ ಎರಡು ಮೂರು ಎಳೆ ಕಾಣ್ತವೆ. ಇನ್ನೊಂದು ಕಡೆ ನಿಕಾನ್‌ನದೇ ಬೇರೆ ಸಾಲಿನ ಸೀರೀಸ್ ಇ 28 ಸಿಗ್ತಿದೆ, ಗಾಜು ಶುದ್ಧವಾಗಿದೆ. ನನ್ನ ಕೆಲಸ ಹೆಚ್ಚಾಗಿ ಬೇಲೂರು, ಹಳೇಬೀಡು. ಹೊರಗೋಡೆ, ನವರಂಗ (ಗುಡಿಯೊಳಗಿನ ಕಂಬಗಳ ಮಂಟಪ) ಎರಡೂ, ಕಪ್ಪುಬಿಳುಪು 400 ಫಿಲಮ್. ಯಾವುದನ್ನ ತಗೊಳ್ಳೋದು? ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ಎಫ್‌ಮೌಂಟ್_ಹಾಸನ

ಮೊದಲು ಗುರುತು ಹಿಡಿಯಿರಿ. ಫೋಕಸ್ ಉಂಗುರವನ್ನು ಹತ್ತಿರದ ಕೊನೆಗೆ ತಿರುಗಿಸಿ: 0.2 ಮೀಟರ್ ಇದ್ದರೆ ಎಐ-ಎಸ್, 0.3ಕ್ಕೆ ನಿಂತರೆ ಎಐ. ಅಪರ್ಚರ್ ಉಂಗುರದಲ್ಲಿ 22 ಕಿತ್ತಳೆ ಬಣ್ಣದಲ್ಲಿರಬೇಕು, ಕೆಳಗಿನ ಸಣ್ಣ ಅಂಕಿ ಸಾಲಿನಲ್ಲೂ ಹಾಗೇ. ಹಿಂದಿನ ಲೋಹದ ಮೌಂಟ್ ಮೇಲೆ ಅರ್ಧಚಂದ್ರದಂತೆ ಕೊರೆದ ಒಂದು ಕಚ್ಚೂ ಎಐ-ಎಸ್‌ನ ಗುರುತು. ಎಫ್‌ಎಂ2ಗೆ ಎಐ ಆದರೂ ಸರಿಯಾಗಿ ಕೂರುತ್ತದೆ. ಆದರೆ 1977ಕ್ಕಿಂತ ಹಿಂದಿನ, ಎಐಗೆ ಬದಲಾಯಿಸದ ಲೆನ್ಸ್ ಮಾತ್ರ ಹಾಕಬೇಡಿ. ಎಫ್‌ಎಂ, ಎಫ್‌ಇ ಕ್ಯಾಮೆರಾಗಳಲ್ಲಿ ಬೆಳಕಿನ ಮೀಟರಿಗೆ ಅಪರ್ಚರ್ ತಿಳಿಸುವ ಕೊಂಡಿಯನ್ನು ಮೇಲಕ್ಕೆ ಮಡಚಬಹುದು. ಎಫ್‌ಎಂ2ನಲ್ಲಿ ಅದು ಮಡಚಲ್ಲ, ಒತ್ತಿ ಕೂರಿಸಿದರೆ ಮುರಿಯುತ್ತದೆ.

ಅಂಕಿ ಒಂದೇ ಆದರೂ ಈ ಮೂರರ ಒಳಗಿನ ವಿನ್ಯಾಸ ಬೇರೆ ಬೇರೆ. ಎಐನಲ್ಲಿ 7 ಗಾಜು, ಸೀರೀಸ್ ಇನಲ್ಲಿ 5, ಎಐ-ಎಸ್‌ನಲ್ಲಿ 8. ಎಐ-ಎಸ್‌ನಲ್ಲಿ ಫೋಕಸ್ ಹತ್ತಿರಕ್ಕೆ ತಂದಂತೆ ಗಾಜುಗಳ ನಡುವಿನ ಅಂತರವೂ ಬದಲಾಗುತ್ತದೆ. ಹಾಗಾಗಿ 20 ಸೆಂಟಿಮೀಟರಿನಲ್ಲೂ ಮೂಲೆಗಳು ಬಿಗಿಯಾಗಿರುತ್ತವೆ. ಹಳೇಬೀಡಿನ ಕೆತ್ತನೆಗೆ ಇದಕ್ಕಿಂತ ಒಳ್ಳೆಯ 28 ಹುಡುಕಬೇಕಿಲ್ಲ. ಈ 20 ಸೆಂಟಿಮೀಟರ್ ಲೆಕ್ಕ ಫಿಲಮ್‌ನಿಂದ, ಗಾಜಿನಿಂದಲ್ಲ. ಲೆನ್ಸಿನ ಮೂತಿಗೂ ಕಲ್ಲಿಗೂ ನಡುವೆ ಉಳಿಯೋದು ಸುಮಾರು 10 ಸೆಂ.ಮೀ., ನಿಮ್ಮದೇ ನೆರಳು ಬೀಳುತ್ತದೆ.

ಇನ್ನು ಪರೀಕ್ಷೆ. ಲೆನ್ಸನ್ನು ಕ್ಯಾಮೆರಾದಿಂದ ತೆಗೆದು 22ಕ್ಕೆ ಇಡಿ. ಹಿಂದಿನ ಸಣ್ಣ ಸನ್ನೆಯನ್ನು ಬೆರಳಿಂದ ತಳ್ಳಿ ಬಿಡಿ. ಬ್ಲೇಡುಗಳು ಚಟ್ಟನೆ ಮುಚ್ಚಿಕೊಳ್ಳಬೇಕು. ಸೋಮಾರಿಯಾಗಿ ಮುಚ್ಚಿದರೆ ಎಣ್ಣೆ ಇಳಿದಿದೆ ಅಂತ ಅರ್ಥ. ಶಟರ್ ತೆರೆಯುವ ಹೊತ್ತಿಗೆ ಅಪರ್ಚರ್ ಪೂರ್ತಿ ಮುಚ್ಚಿರಲ್ಲ, ಎಫ್/11, 16ರಲ್ಲಿ ತೆಗೆದ ನೆಗೆಟಿವ್ ದಟ್ಟವಾಗಿ ಬರುತ್ತದೆ. 2.8ರಲ್ಲಿ ಮಾತ್ರ ಏನೂ ಗೊತ್ತಾಗಲ್ಲ, ಮಾರುವವರು ಅದರಲ್ಲೇ ತೋರಿಸುತ್ತಾರೆ. ಆಮೇಲೆ ಕ್ಯಾಮೆರಾಗೆ ಹಾಕಿ, ಮಳೆ ಮೋಡ ಇಲ್ಲದ ದಿನ ಚಂದ್ರದ್ರೋಣ ಬೆಟ್ಟಸಾಲಿನ ಅಂಚಿಗೆ ಫೋಕಸ್ ಮಾಡಿ. ಉಂಗುರ ಅನಂತದ ಗುರುತಿಗೆ ಬಂದು ನಿಂತಾಗ ವ್ಯೂಫೈಂಡರ್ ನಡುವಿನ ಸೀಳುಬಿಂಬದ ಎರಡು ಅರ್ಧ ಕೂಡಿರಬೇಕು. ಕೂಡದಿದ್ದರೆ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ. ಅಂಥದ್ದು ಬೇಡವೇ ಬೇಡ.

ಕಾಫಿಕಣಿವೆ

ಬೂಷ್ಟಿನ ವಿಷಯಕ್ಕೆ ಬರ್ತೀನಿ. ಎಐ-ಎಸ್ 28ರಲ್ಲಿ 8 ಗಾಜೂ ಬಿಡಿಬಿಡಿ, ಅಂಟಿಸಿದ ಜೋಡಿ ಒಂದೂ ಇಲ್ಲ. ಅಂಟು ಬಿಡುವ ಭಯ ಇಲ್ಲ, ಅದು ಒಳ್ಳೇದು. ಆದರೆ ಗಾಳಿಗೆ ತೆರೆದ ಮೈ 16 ಆಯ್ತು, ಬೂಷ್ಟು ಎಲ್ಲಿ ಬೇಕಾದರೂ ಕೂರಬಹುದು. ಎಳೆ ಎಷ್ಟಿವೆ ಅನ್ನೋದಕ್ಕಿಂತ ಯಾವ ಮೈಮೇಲಿವೆ, ಗಾಜನ್ನ ತಿಂದಿವೆಯಾ ಅನ್ನೋದು ಮುಖ್ಯ. ಬೂಷ್ಟು ಬಿಡುವ ಆಮ್ಲ ಮೊದಲು ಕೋಟಿಂಗ್ ಕೊರೆಯುತ್ತೆ, ಆಮೇಲೆ ಗಾಜು. ಕೊರೆದದ್ದು ಒರೆಸಿದರೂ ಹೋಗಲ್ಲ, ಟಾರ್ಚ್ ಬೆಳಕಿಗೆ ಅದೇ ಆಕಾರ ಮತ್ತೆ ಕಾಣುತ್ತೆ.

ಹೊರಮೈಲಿದ್ದರೆ ಮನೆಯಲ್ಲೇ ತೆಗೀಬಹುದು. 3% ಹೈಡ್ರೋಜನ್ ಪೆರಾಕ್ಸೈಡ್, ತೆಳು ಅಮೋನಿಯಾ ಸಮಸಮ ಬೆರೆಸಿ, ಲೆನ್ಸ್ ಟಿಶ್ಯೂಗೆ ಒಂದೆರಡು ಹನಿ ಹಾಕಿ ಎಳೆ ಮೇಲೆ ಸ್ವಲ್ಪ ಹೊತ್ತು ಇಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ, ಒಂದೊಂದು ಸಲಕ್ಕೂ ಹೊಸ ಟಿಶ್ಯೂ. ದ್ರವವನ್ನ ನೇರ ಗಾಜಿನ ಮೇಲೆ ಸುರಿಯಬೇಡಿ, ಅಂಚಿಂದ ಒಳಗೆ ಇಳಿಯುತ್ತೆ. ಕಿಟಕಿ ತೆಗೆದಿಡಿ, ಕೈಗವಸು ಹಾಕಿ, ಉಳಿದದ್ದನ್ನ ಬಾಟಲಿಗೆ ಮುಚ್ಚಿಡಬೇಡಿ. ಒಳಮೈಲಿದ್ದರೆ ಈ ಲೆನ್ಸನ್ನ ನೀವು ಬಿಚ್ಚೋದು ಬೇಡ. ಎರಡು ಭಾಗ ಬೇರೆ ಬೇರೆ ವೇಗದಲ್ಲಿ ಚಲಿಸುತ್ತವೆ, ಹೆಲಿಕಾಯ್ಡ್‌ನ (ಫೋಕಸ್ ತಿರುಗಿಸುವ ತಿರುಪಿನ ಕೊಳವೆ) ಒಂದು ಹಲ್ಲು ತಪ್ಪಿ ಕೂರಿಸಿದರೆ ಹತ್ತಿರದ ಫೋಕಸ್ ಕೆಡುತ್ತೆ. ತಿರುಪುಗಳು ಜಪಾನಿ ಅಳತೆಯವು, ಇಲ್ಲಿಯ ಸ್ಟಾರ್ ಡ್ರೈವರ್ ತಲೆಯನ್ನ ಸವೆಸಿಬಿಡುತ್ತೆ.

ಯಾವುದೇ ಲೆನ್ಸ್ ತಗೊಂಡ್ರೂ ಪುನರ್ವಸು, ಪುಷ್ಯ ಮಳೇಲಿ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. 45ರಿಂದ 50% ಸಾಕು. ಮಾಪಕ 60 ದಾಟಿದರೆ ಜೆಲ್ಲನ್ನ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ.

ಗಿರಿಸಾಲು35

ಇಬ್ಬರಿಗೂ ಧನ್ಯವಾದ ಸರ್. ನೋಡ್ಕೊಂಡು ಬಂದೆ. 0.2 ಮೀಟರ್, ಕಿತ್ತಳೆ 22, ಬ್ಲೇಡ್ ಚುರುಕಾಗಿದೆ, ಅನಂತಕ್ಕೆ ಕೂಡುತ್ತೆ. ಎಳೆ ಇರೋದು ಕೊನೆಯ ಗಾಜಿನ ಒಳಮೈಲಿ. ನವರಂಗದಲ್ಲಿ 2.8 ಸಾಕಾಗುತ್ತಾ?

ಬಳಪದಕಲ್ಲು

ನವರಂಗದಲ್ಲಿ ಬಾಗಿಲ ಬೆಳಕು ಬೀಳುವ ಕಂಬದ ಹತ್ತಿರ ಬೆಳಕಿನ ಮೀಟರ್ ಐಎಸ್‌ಒ 100ರ ಲೆಕ್ಕದಲ್ಲಿ ಇವಿ 5 (ಬೆಳಕಿನ ಮಟ್ಟದ ಅಂಕಿ) ತೋರಿಸಿದರೆ 400 ಫಿಲಮ್‌ಗೆ ಎಫ್/2.8, 1/15 ಸೆಕೆಂಡ್. ಕಂಬಕ್ಕೆ ಒರಗಿ ಉಸಿರು ಹಿಡಿದರೆ 28ರಲ್ಲಿ ಇದು ಆಗುತ್ತದೆ. ಒಳಗೆ ಹೋದಂತೆ ಆಗದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಹೊರಗೆ ತೊಂದರೆ ಬೆಳಕಿನದಲ್ಲ, ಗೆರೆಗಳದು. ಜಗತಿಯ (ಗುಡಿಯ ಸುತ್ತಲಿನ ಕಟ್ಟೆ) ಮೇಲೆ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಡೆ ಹಿಂದಕ್ಕೆ ವಾಲುತ್ತದೆ. ಫಿಲಮ್ ಗೋಡೆಗೆ ಸಮಾನಾಂತರವಾಗಿರಲಿ, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಪ್ರಿಂಟಿನಲ್ಲಿ ಕತ್ತರಿಸಿ. ಎಫ್‌ಎಂ2ಗೆ ಚೌಕಗೆರೆಯ ಇ2 ಪರದೆ ಸಿಗುತ್ತದೆ. ಹಾಕಿಸಿಕೊಳ್ಳಿ, ಈ ಕೆಲಸಕ್ಕೆ ಲೆನ್ಸಿನಷ್ಟೇ ಮುಖ್ಯ ಅದು. ಹಳೇಬೀಡಿನ ಆನೆ ಸಾಲಿನ ಎದುರು 1 ಮೀಟರ್ ದೂರದಲ್ಲಿ ಚೌಕಟ್ಟಿಗೆ ಸುಮಾರು 1.3 ಮೀ. ಅಗಲ, 0.85 ಮೀ. ಎತ್ತರ ಸಿಗುತ್ತದೆ. ಮದನಿಕೆಗಳಿಗೆ 28 ತರಬೇಡಿ, ಸೂರಿನಡಿ ಅಷ್ಟು ಎತ್ತರದಲ್ಲಿರುವುದಕ್ಕೆ 105 ಅಥವಾ 135 ಬೇಕು.

ಇಡೀ ಗುಡಿಗೆ ಎಫ್/8 ಇಟ್ಟು 3.3 ಮೀಟರಿಗೆ ಫೋಕಸ್ ಮಾಡಿದರೆ 1.7 ಮೀಟರಿನಿಂದ ಅನಂತದವರೆಗೆ ಸ್ಪಷ್ಟ. ಬೆಳಕಿನ ಮೀಟರ್ ನೋಡುವಾಗ ಕ್ಯಾಮೆರಾ ಕೆಳಗೆ ಬಾಗಿಸಿ ಕಲ್ಲಿನಿಂದಲೇ ಓದಿ. ವೈಡ್‌ನಲ್ಲಿ ಆಕಾಶ ತುಂಬಾ ಒಳಗೆ ಬರುತ್ತದೆ, ಅದನ್ನು ನಂಬಿದರೆ ಗೋಡೆಯ ವಿವರ ಫಿಲಮ್ ಮೇಲೆ ಬೀಳುವುದೇ ಇಲ್ಲ.

ಕಾಫಿಕಣಿವೆ

ಹಿಂದಿನ ಗಾಜು ಅಂದ್ರೆ ಹುಷಾರು. ಮುಂದಿನ ಗಾಜಿನ ಕಲೆಗಿಂತ ಅಲ್ಲಿಯದು ಚಿತ್ರದಲ್ಲಿ ಹೆಚ್ಚು ಕಾಣುತ್ತೆ, ಒಂದೊಂದು ಬಿಂದುವಿನ ಬೆಳಕು ಅಲ್ಲಿ ಕಿರಿದಾಗಿ ಹಾದುಹೋಗುತ್ತೆ. ಒಂದು ರೋಲ್ ತೆಗೆಯೋಕೆ ಲೆನ್ಸ್ ಕೇಳಿ ತಂದು ಪರೀಕ್ಷೆ ಮಾಡಿ: ಕತ್ತಲೆ ಕೋಣೆಯ ಕಿಟಕಿಯನ್ನ ಚೌಕಟ್ಟಿನ ಮೂಲೆಯಲ್ಲಿಟ್ಟು 2.8, 5.6, 11ರಲ್ಲಿ ತೆಗೀರಿ. ಕಿಟಕಿ ಸುತ್ತ ಕಪ್ಪು ಬೂದುಬಣ್ಣಕ್ಕೆ ತಿರುಗದಿದ್ದರೆ, ರಿಪೇರಿಯ ಖರ್ಚು ಬೆಲೆಯಲ್ಲಿ ಕಳೆದು ತಗೊಂಡು ಮಳೆಗಾಲಕ್ಕೆ ಮುಂಚೆ ಬಿಚ್ಚಿಸಿ ತೊಳೆಸಿ. ತಿರುಗಿದರೆ ಸೀರೀಸ್ ಇ ತಗೊಳ್ಳಿ. 2.8ರಲ್ಲಿ ಮೂಲೆ ಮೆತ್ತಗೆ, ಎಫ್/8ಕ್ಕೆ ಹೊರಗೋಡೆಯ ಕೆಲಸ ಚೆನ್ನಾಗೇ ಆಗುತ್ತೆ.

ಎಫ್‌ಮೌಂಟ್_ಹಾಸನ

ಎಐ-ಎಸ್ ತಗೊಂಡರೆ ಹುಡ್ ಎಚ್‌ಎನ್-2 ನೋಡಿ, 52 ಎಂಎಂ ತಿರುಪಿನದು. 20 ಸೆಂಟಿಮೀಟರಿಗೆ ಹೋಗುವಾಗ ಬಿಚ್ಚಿಡಿ.