ಅಪ್‌ಡೇಟ್: ಆ್ಯಕ್ಸಲ್ ಬದಲಿಸಬೇಕಾಗಲಿಲ್ಲ
ನನ್ನ ಟೆಂಪೋ ಟ್ರಾವೆಲರ್ ಕ್ಯಾಂಪರ್‌ನ ಹಿಂದಿನ ಎಡಚಕ್ರದಲ್ಲಿ ಎಣ್ಣೆ ಸೋರಿಕೆ, ಬ್ರೇಕ್ ಒಂದೇ ಕಡೆ ಎಳೆತ. ಇದಕ್ಕೆ ಪೂರ್ತಿ ಆ್ಯಕ್ಸಲ್ (ಚಕ್ರಗಳ ಅಚ್ಚು) ಹೊಸದು ಹಾಕಿಸಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹುಬ್ಬಳ್ಳಿಯಲ್ಲೇ ಬ್ರೇಕ್ ಡ್ರಮ್ ಬಿಚ್ಚಿಸಿದಾಗ, ಅದರ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಕಪ್ಪಗೆ ಜಿಡ್ಡುಗಟ್ಟಿ ಹೊಳೀತಿತ್ತು. ಸೋರಿಕೆಯ ಮೂಲ ಬೇರೆ ಕಡೆ: ಆ್ಯಕ್ಸಲ್ ಹೌಸಿಂಗ್ (ಹೊರಕವಚ) ಮೇಲಿನ ಬ್ರೀದರ್, ಅಂದರೆ ಗಾಳಿ ಹೊರಬಿಡುವ ಸಣ್ಣ ಕಿಂಡಿ, ಕೆಸರಿನಿಂದ ಮುಚ್ಚಿತ್ತು (ಎರೆಮಣ್ಣಿನ ಕೆಲಸ, ಇನ್ನೇನು). ಓಡುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಎಣ್ಣೆಯನ್ನೇ ಸೀಲ್ (ಎಣ್ಣೆ ತಡೆಯುವ ಬಳೆ) ದಾಟಿಸಿ ತಳ್ಳುತ್ತದೆ. ಬರೀ ಸೀಲ್ ಹಾಕಿಸಿದ್ದರೆ ಮತ್ತೆ ಸೋರುತ್ತಿತ್ತು.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ. ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಿ, ಇಲ್ಲವಾದರೆ ಎಳೆತ ಹೋಗದು. ಡ್ರಮ್ ಒಳಮೈ ಸಮ ಮಾಡಿಸಲು ಲೇತಿಗೆ ಕೊಡುವ ಮುಂಚೆ ಅದರ ಮೇಲೆ ಬರೆದಿರುವ ಗರಿಷ್ಠ ವ್ಯಾಸ ನೋಡಿ. ಅದನ್ನು ಮೀರುವಂತಿದ್ದರೆ ಹೊಸದೇ ಗತಿ. ಚಕ್ರದ ಬೇರಿಂಗ್ ಆಟವನ್ನೂ (ಅಲುಗಾಟ) ಆಗಲೇ ನೋಡಿಸಿ. ಅದು ಸಡಿಲಿದ್ದರೆ ಹೊಸ ಸೀಲೂ ಬಾಳುವುದಿಲ್ಲ.