ತರಬೇತಿಗೆ ಹೋಗುವುದು ಅಪ್ಪ, ಬೀಜೋಪಚಾರ ಮಾಡುವುದು ಅವ್ವ

ತೊಗರಿಹೊಲ: ನಮ್ಮದು ಕಲಬುರಗಿ ಕಡೆ. ಬಿತ್ತನೆಗೆ ಮುಂಚೆ ಬೀಜೋಪಚಾರದ, ಅಂದರೆ ರೋಗ ಬರದಂತೆ ಬೀಜಕ್ಕೆ ಔಷಧಿ ಲೇಪಿಸುವ ತರಬೇತಿ ಇತ್ತು. ಅಪ್ಪ ಹೋಗಿ, ಊಟ ಮಾಡಿ, ಕರಪತ್ರ ಹಿಡಿದು ಬಂದರು. ಕೆಜಿ ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಎಷ್ಟು ಅಂತ ಅವ್ವ ಕೇಳಿದರೆ "ಒಂದು ಹಿಡಿ ಹಾಕು" ಅಂದರು. ಕರಪತ್ರದಲ್ಲಿ ಇರುವುದು 4 ಗ್ರಾಂ! ಅವ್ವನಿಗೆ ಓದಲು ಬರುವುದಿಲ್ಲ. ಬೀಜ ಎತ್ತಿಡುವುದು, ಕಳೆ ತೆಗೆಯುವುದು, ಕುಡಿ ಚಿವುಟುವುದು ಎಲ್ಲಾ ಅವಳೇ, ಆದರೆ ಅವಳನ್ನು ಯಾರೂ ಕರೆಯಲ್ಲ. ನಿಮ್ಮ ಊರಲ್ಲಿ ಹೆಂಗಸರಿಗೆ ಇಂಥದ್ದನ್ನು ಹೇಗೆ ಕಲಿಸುತ್ತಾರೆ?

ಹಳೇ ಸಹಾಯಕ: ತಪ್ಪು ನಮ್ಮದೂ ಇದೆ. ನಾನು ಕೃಷಿ ಸಹಾಯಕನ ಕೆಲಸದಲ್ಲಿದ್ದಾಗ ಪಹಣಿಯಲ್ಲಿ ಜಮೀನು ಯಾರ ಹೆಸರಿಗಿದೆ ಅಂತ ನೋಡಿಯೇ ತರಬೇತಿಗೆ ಕರೆಯುವವರ ಪಟ್ಟಿ ಮಾಡುತ್ತಿದ್ದೆವು. 2015-16ರ ಕೃಷಿ ಗಣತಿಯಲ್ಲಿ ದೇಶದ 100 ಹಿಡುವಳಿದಾರರಲ್ಲಿ ಹೆಂಗಸರು ಸುಮಾರು 14 ಮಾತ್ರ. ಆ ಪಟ್ಟಿ ಹಿಡಿದು ಕರೆದರೆ ಇನ್ಯಾರು ಬರುತ್ತಾರೆ? ಮೇಲಾಗಿ ಬೆಳಗ್ಗೆ 11ಕ್ಕೆ, ಅದೂ ಹೋಬಳಿ ಕೇಂದ್ರದಲ್ಲಿ. ಆ ಹೊತ್ತಿಗೆ ಅವರು ಕೂಲಿಗೆ ಹೋಗಿರುತ್ತಾರೆ.

ಗದ್ದೆಬದು: ನಮ್ಮತ್ತೆ 80ರ ದಶಕದಲ್ಲಿ ಡೆನ್ಮಾರ್ಕ್ ನೆರವಿನ ರೈತ ಮಹಿಳೆಯರ ತರಬೇತಿಗೆ ಹೋಗಿದ್ದರು, ಅಲ್ಲೇ ಉಳಿದುಕೊಂಡು ಕಲಿತದ್ದು. ಇವತ್ತಿಗೂ ಭತ್ತ ಆರಿಸುವುದು ಹಾಗೇ. ಬಕೆಟ್ ನೀರಿಗೆ ಉಪ್ಪು ಕದಡುತ್ತಾ ಹೋಗುತ್ತಾರೆ, ಹಾಕಿದ ಕೋಳಿಮೊಟ್ಟೆ ತೇಲಿತು ಅಂದರೆ ಸಾಕು. ಆಮೇಲೆ ಭತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಅದನ್ನು ಒಳ್ಳೆ ನೀರಲ್ಲಿ ಎರಡು ಸಲ ತೊಳೆಯುತ್ತಾರೆ. ಅಳತೆಯೂ ಇಲ್ಲ, ಓದುವ ಗೋಜೂ ಇಲ್ಲ. ಕೈಯಾರೆ ಮಾಡಿಸಿದ್ದಕ್ಕೇ ನೆನಪಿದೆ, ಸುಮ್ನೆ ಭಾಷಣ ಕೇಳಿದ್ದರೆ ಬಸ್ ಹತ್ತುವಷ್ಟರಲ್ಲಿ ಮರೆಯುತ್ತಿತ್ತು.

ಬೋರ್‌ವೆಲ್ ಭಾಗ್ಯ: ಎಲ್ಲಾ ಸರಿ, ಆದರೆ ಹೆಂಗಸರು ಅಂದರೆ ಬೀಜ, ಕೈತೋಟ ಅಷ್ಟೇ ಅಂದುಕೊಳ್ಳಬೇಡಿ. ನಮ್ಮನೆಯಲ್ಲಿ ಪಂಪ್ ಹೊತ್ತು ಔಷಧಿ ಹೊಡೆಯುವವನು ನಾನು, ನೀರು ತಂದು ಬೆರೆಸುವವಳು, ಆ ಬಟ್ಟೆ ಒಗೆಯುವವಳು ಹೆಂಡತಿ. ಡಬ್ಬಿ ಮೇಲಿನ ಕೆಂಪು ತ್ರಿಕೋನ ಅಂದರೆ ಎಲ್ಲಕ್ಕಿಂತ ಜಾಸ್ತಿ ವಿಷ, ಹಸಿರು ಅಂದರೆ ಕಡಿಮೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಬಿಡಿ.

ತೊಗರಿಹೊಲ: ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಅಂಗಡಿ ತಕ್ಕಡಿಯಲ್ಲಿ 20 ಗ್ರಾಂ ತೂಗಿಸಿ ತಂದೆ, 5 ಕೆಜಿ ಬೀಜಕ್ಕೆ ಅಷ್ಟು. ಎಷ್ಟು ಚಮಚ ಆಗುತ್ತದೆ ಅಂತ ಅವ್ವ ಎಣಿಸಿಕೊಂಡಳು. ಮುಂದಿನ ತರಬೇತಿಗೆ ಅವಳೇ ಹೋಗುತ್ತಾಳಂತೆ. ಅಪ್ಪ ಅಷ್ಟು ಹೊಗಳುವ ಊಟ ಹೇಗಿರುತ್ತದೋ ನೋಡಬೇಕಂತೆ.