ಗೆಳೆಯ ಇಡಲು ಕೊಟ್ಟ ಜೇಬುಚಾಕುವಿಗೆ ತುಕ್ಕು: ಉಜ್ಜಿ ಕೊಡಲೇ, ಇದ್ದ ಹಾಗೆಯೇ ಒಪ್ಪಿಸಲೇ?

ಪ್ರಶ್ನೆ: ಡೊಂಬಿವಲಿ ಪೂರ್ವ

ನಾನೂ ಪುಣೆಯ ನನ್ನ ಗೆಳೆಯನೂ ಹದಿನಾಲ್ಕು ವರ್ಷಗಳಿಂದ ಹಳೆಯ ಜೇಬುಚಾಕುಗಳನ್ನು ಕೂಡಿಡುತ್ತ ಬಂದವರು. ಅವನ ಪರಿಚಯವಾದದ್ದು ಪುಣೆಯ ಜುನಾ ಬಾಜಾರಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಒಂದೇ ಚಾಕುವಿಗೆ ಇಬ್ಬರೂ ಕೈಹಾಕಿದಾಗ. ಅಲ್ಲಿಯವರೆಗೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದವನು ಬೆಲೆ ಕೇಳಿ "ಯಪ್ಪಾ, ಭಾಳ ಆತು" ಎಂದಾಗಲೇ ಧಾರವಾಡದ ಕಡೆಯವನೆಂದು ನನಗೆ ತಿಳಿದದ್ದು. ಆ ಚಾಕು ಈಗ ನನ್ನ ಬಳಿಯಿದೆ. ನಾನು ಗೆದ್ದೆನೆಂದು ನನ್ನ ಕಥೆ, ತಾನು ಬಿಟ್ಟುಕೊಟ್ಟೆನೆಂದು ಅವನ ಕಥೆ.

ಕಳೆದ ಮೇ ತಿಂಗಳಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅವನು ತನ್ನ ಅಜ್ಜನ ಚಾಕುವನ್ನು ನನ್ನಲ್ಲಿ ಇಡಲು ಕೊಟ್ಟ. ಎರಡು ಅಲಗು, ಎಮ್ಮೆಕೊಂಬಿನ ಹಿಡಿಕೆ. ಅಲಗಿನ ಬುಡದಲ್ಲಿ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಮುದ್ರೆ, ಪಕ್ಕದಲ್ಲಿ 'ಜಿ' ಮತ್ತು 'ಆರ್' ಅಕ್ಷರಗಳ ನಡುವೆ ಒಂದು ಕಿರೀಟ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಜ್ಜ ಸಣ್ಣ ಅಲಗಿನಿಂದ ಪೆನ್ಸಿಲ್ ಹೆರೆಯುತ್ತಿದ್ದರಂತೆ, ದೊಡ್ಡದರಿಂದ ಪೇರಲಹಣ್ಣು ಹೆಚ್ಚುತ್ತಿದ್ದರಂತೆ. ಗೆಳೆಯ ಅದನ್ನು ಸಂಗ್ರಹದ ವಸ್ತುವೆಂದು ಎಣಿಸುವುದೇ ಇಲ್ಲ. ಪ್ರತಿ ವರ್ಷ ಖಂಡೆನವಮಿಯ ದಿನ ಅದನ್ನು ಮಣೆಯ ಮೇಲಿಟ್ಟು ಪೂಜಿಸಿ, ಅದರಿಂದಲೇ ಒಂದು ನಿಂಬೆಹಣ್ಣು ಕೊಯ್ಯುತ್ತಾನೆ.

ನಾನು ಅದನ್ನು ಚರ್ಮದ ಚೀಲದಲ್ಲಿ ಹಾಕಿ, ನನ್ನ ಐದು ಚಾಕುಗಳ ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮಳೆಗಾಲದ ತೇವ ಒಳಗೆ ಹೋಗದಿರಲೆಂದು ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಕಪಾಟಿನ ಮೇಲಿಟ್ಟೆ. ನಿನ್ನೆ ತೆಗೆದರೆ ದೊಡ್ಡ ಅಲಗಿನ ಮೇಲೆ ಕೆಂಪು ಚುಕ್ಕೆಗಳು, ಬುಡದಲ್ಲಿ ಇನ್ನೂ ಹೆಚ್ಚು; ಸಣ್ಣ ಅಲಗು ಬಿಗಿದುಕೊಂಡಿದೆ, ಮುಚ್ಚುವಾಗ 'ಟಕ್' ಎನ್ನುತ್ತಿಲ್ಲ. ಡಬ್ಬಿ ತೆರೆದೊಡನೆ ಕರ್ಪೂರದಂಥ ವಾಸನೆಯೂ ಬಂತು. ಹಿಂದೆ ಅದು ದೇವರಮನೆಯಲ್ಲಿದ್ದ ಡಬ್ಬಿಯಾಗಿರಬೇಕೆಂದು ಮಡದಿ ಹೇಳಿದಳು. ಖಂಡೆನವಮಿಗೆ ಇನ್ನು ಮೂರು ವಾರವಿದೆ. ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿ ಕೊಡಲೇ, ಇದ್ದ ಹಾಗೆಯೇ ಒಪ್ಪಿಸಿ ತಪ್ಪೊಪ್ಪಿಕೊಳ್ಳಲೇ? ಅವನು ಸಿಟ್ಟಾಗುವವನಲ್ಲ, ಅದೇ ತೊಂದರೆ, ಸುಮ್ಮನಾಗಿಬಿಡುವವನು.

ಉತ್ತರ: ಸಾಣೆಕಲ್ಲು, ಕೋಥ್ರೂಡ್

ದಯವಿಟ್ಟು ಉಜ್ಜುಕಾಗದ, ಹುಣಸೆಹಣ್ಣು, ಹಲ್ಲುಪುಡಿ ಇವುಗಳಲ್ಲಿ ಯಾವುದನ್ನೂ ಅದರ ಹತ್ತಿರ ತರಬೇಡಿ. ಶೆಫೀಲ್ಡಿನಲ್ಲಿಯೇ ಹ್ಯಾರಿ ಬ್ರಿಯರ್ಲಿ ತುಕ್ಕುಹಿಡಿಯದ ಉಕ್ಕನ್ನು ತಯಾರಿಸಿದ್ದು 1913ರಲ್ಲಿ. ಅದು ಬಂದ ಮೇಲೂ ಜೇಬುಚಾಕು ಮಾಡುವವರು ಬಹುಕಾಲ ಕಾರ್ಬನ್ ಉಕ್ಕನ್ನು ಬಿಡಲಿಲ್ಲ. ಅಂಥ ಅಲಗಿನ ಮೇಲೆ ವರ್ಷಗಟ್ಟಲೆ ಹಣ್ಣು ಕೊಯ್ದು ಕೊಯ್ದು ಬೂದು, ನೀಲಿ, ಕಪ್ಪು ಛಾಯೆಯ ತೆಳುವಾದ ಪದರ ಕಟ್ಟುತ್ತದೆ. ನಾವು ಪಟೀನಾ ಎನ್ನುವುದು ಅದನ್ನೇ. ಅದು ಉಕ್ಕನ್ನು ತಿನ್ನುವುದಿಲ್ಲ, ಅಷ್ಟಿಷ್ಟು ಕಾಯುತ್ತದೆ ಕೂಡ. ಕೆಂಪು ತುಕ್ಕು ಹಾಗಲ್ಲ. ಅದು ಸಡಿಲವಾಗಿರುವುದರಿಂದ ತೇವವನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ಕೊರೆಯುತ್ತದೆ. ನೀವು ತೆಗೆಯಬೇಕಾದದ್ದು ಕೆಂಪನ್ನು ಮಾತ್ರ. ಉಜ್ಜಿ ಬೆಳ್ಳಗೆ ಮಾಡಿದರೆ ಅಜ್ಜ ಹೆಚ್ಚಿದ ಪೇರಲಹಣ್ಣುಗಳ ಲೆಕ್ಕವೆಲ್ಲ ಅಳಿಸಿಹೋಗುತ್ತದೆ.

ಹೊಲಿಗೆಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ಚುಕ್ಕೆಗಳ ಮೇಲೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಹಳೆಯ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ತುಕ್ಕು ಎದ್ದುಬರುತ್ತದೆ, ಅಲಗಿಗೆ ಗೀರು ಬೀಳುವುದಿಲ್ಲ. ಮುದ್ರೆಯಿರುವ ಜಾಗವನ್ನು ಬಟ್ಟೆಯಿಂದ ಒರೆಸುವುದಷ್ಟೇ. ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ಅಲಗನ್ನು ತೆರೆದು ಮುಚ್ಚುತ್ತಿದ್ದರೆ ಕಪ್ಪು ರಸ ಹೊರಬರುತ್ತದೆ. ಅದು ತಿಳಿಯಾಗುವವರೆಗೂ ಒರೆಸುತ್ತಿರಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಟ್ಟೀರಿ, ಅದು ಕ್ರಮೇಣ ಅಂಟಾಗುತ್ತದೆ. ಕೊಂಬಿನ ಹಿಡಿಕೆಗೆ ನೀರು ಸೋಕಬಾರದು.

ಇನ್ನೊಂದು ಮಾತು. ಕರ್ಪೂರದ ವಾಸನೆ ಎಂದಿರಿ. ನಿಮ್ಮ ಐದು ಚಾಕುಗಳಲ್ಲಿ ಆಮೆಚಿಪ್ಪಿನ ಬಣ್ಣದ ಹಿಡಿಕೆಯುಳ್ಳದ್ದು ಯಾವುದಾದರೂ ಇದೆಯೇ?

ಉತ್ತರ: ಡೊಂಬಿವಲಿ ಪೂರ್ವ

ಇದೆ. ನಾವಿಬ್ಬರೂ ಒಟ್ಟಿಗೆ ಕೈಹಾಕಿದ ಜುನಾ ಬಾಜಾರಿನ ಚಾಕುವೇ ಅದು. ನೀವು ಕೇಳಿದ ಮೇಲೆ ತೆಗೆದು ನೋಡಿದೆ: ಹಿಡಿಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡಿವೆ, ಒಳಗಿನ ಹಿತ್ತಾಳೆಯ ತಗಡಿನ ಅಂಚು ಹಸಿರಾಗಿದೆ, ಮೂಗಿಗೆ ಹಿಡಿದರೆ ಮಂಗಳಾರತಿಯ ತಟ್ಟೆಯನ್ನೇ ಹಿಡಿದಂತಾಗುತ್ತದೆ. ಡಬ್ಬಿಯಲ್ಲಿ ಇದು ಅಜ್ಜನ ಚಾಕುವಿನ ಪಕ್ಕದಲ್ಲಿಯೇ ಇತ್ತು.

ಉತ್ತರ: ಸಾಣೆಕಲ್ಲು, ಕೋಥ್ರೂಡ್

ಹಾಗಾದರೆ ಕಳ್ಳ ಸಿಕ್ಕಿದ. ಆ ಹಿಡಿಕೆ ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಕರ್ಪೂರ ಬೆರೆಸಿ ಮಾಡುವ ಈ ವಸ್ತುವಿಗೆ ಅಮೆರಿಕದ ಹಯಾಟ್ ಸಹೋದರರು 1870ರಲ್ಲಿ ಪೇಟೆಂಟ್ ಪಡೆದರು. ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪು, ಏನು ಬೇಕಾದರೂ ಅದರಲ್ಲಿ ಅನುಕರಿಸಬಹುದಾದ್ದರಿಂದ ಬಾಚಣಿಗೆ, ಪೆನ್ನು, ಚಾಕುವಿನ ಹಿಡಿಕೆ ಎಲ್ಲಕ್ಕೂ ಬಳಕೆಯಾಯಿತು. ಆದರೆ ಅದಕ್ಕೆ ಮುಪ್ಪು ಬಂದಾಗ ಮೊದಲು ಕರ್ಪೂರ ಹಾರುತ್ತದೆ, ಅನಂತರ ಒಳಗಿನ ಆಮ್ಲ ಆವಿಯಾಗಿ ಹೊರಬರತೊಡಗುತ್ತದೆ. ಆ ಆವಿ ಹಿತ್ತಾಳೆಯನ್ನು ಹಸಿರಾಗಿಸುತ್ತದೆ, ಪಕ್ಕದಲ್ಲಿರುವ ಉಕ್ಕಿಗೆಲ್ಲ ತುಕ್ಕು ಹಿಡಿಸುತ್ತದೆ. ತೆರೆದ ಕಪಾಟಿನಲ್ಲಿದ್ದರೆ ಗಾಳಿಗೆ ಹಾರಿಹೋಗುತ್ತಿತ್ತು. ನೀವು ಅಂಟುಪಟ್ಟಿ ಸುತ್ತಿ ನಾಲ್ಕು ತಿಂಗಳು ಅದನ್ನೇ ಉಸಿರಾಡಿಸಿದಿರಿ. ಚರ್ಮದ ಚೀಲವೂ ನಿರಪರಾಧಿಯಲ್ಲ. ಹದಮಾಡುವಾಗ ಉಳಿದ ರಾಸಾಯನಿಕಗಳು ಅದರಲ್ಲಿರುತ್ತವೆ, ತೇವವನ್ನೂ ಅದು ಹೀರಿಟ್ಟುಕೊಳ್ಳುತ್ತದೆ.

ಆ ಚಾಕುವನ್ನು ಈಗಲೇ ಬೇರೆಯಿಡಿ, ಗಾಳಿಯಾಡುವ ತಂಪು ಜಾಗದಲ್ಲಿಡಿ, ದೀಪದ ಬಳಿ ಇಡಬೇಡಿ. ಸೆಲ್ಯುಲಾಯ್ಡ್ ಬಲು ಬೇಗ ಹೊತ್ತಿಕೊಳ್ಳುತ್ತದೆ. ಉಳಿದವುಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಿ. ಗಾಳಿಯ ಆರ್ದ್ರತೆ ಶೇಕಡಾ 60 ದಾಟಿದರೆ ಉಕ್ಕಿಗೆ ತುಕ್ಕಿನ ವೇಗ ಹೆಚ್ಚುತ್ತದೆ. ಡೊಂಬಿವಲಿಯ ಜುಲೈ ತಿಂಗಳನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ.

ಉತ್ತರ: ಮಾಟುಂಗಾದ ಮುದುಕ

ಎಣ್ಣೆ, ತಾಮ್ರದ ಕಾಸು ಎಲ್ಲ ಸರಿ. ಆದರೆ ಮೊದಲು ಫೋನು, ಆಮೇಲೆ ಎಣ್ಣೆ. ಬಹಳ ಹಿಂದೆ ಒಬ್ಬ ಹಿರಿಯರು ನನಗೆ ಒಂದು ಬಾರ್ಲೋ ಮಾದರಿಯ ಚಾಕುವನ್ನು ನೋಡಲೆಂದು ಕೊಟ್ಟಿದ್ದರು. ಮಸಿಹಿಡಿದಂತಿದ್ದ ಅಲಗನ್ನು ಕಂಡು, ಅವರಿಗೆ ಸಂತೋಷವಾಗಲೆಂದು, ಎರಡು ಸಂಜೆ ಕುಳಿತು ಕನ್ನಡಿಯಂತೆ ತಿಕ್ಕಿ ಹಿಂತಿರುಗಿಸಿದೆ. ಅವರು "ಬಹಳ ಚೆನ್ನಾಗಿದೆ" ಎಂದರು. ಅದಾದ ಮೇಲೂ ನಾವು ಇಲ್ಲಿನ ಉಡುಪಿ ಹೋಟೆಲಿನಲ್ಲಿ ಎಷ್ಟೋ ಸಲ ಕಾಫಿ ಕುಡಿದೆವು, ಅವರ ಮನೆಗೂ ಹೋದೆ. ಆದರೆ ಚಾಕುಗಳ ಪೆಟ್ಟಿಗೆಯನ್ನು ಅವರು ನನ್ನೆದುರು ಮತ್ತೆ ತೆರೆಯಲಿಲ್ಲ. ಆ ಕಪ್ಪು ಅವರ ತಂದೆ ದಿನವೂ ತಂಬಾಕು ಕೊಯ್ದು ಆದದ್ದೆಂದು ಅವರ ಮಗನಿಂದ ತಿಳಿಯುವಷ್ಟರಲ್ಲಿ ಅವರೇ ಇರಲಿಲ್ಲ. ತುಕ್ಕನ್ನು ನಿಮ್ಮ ಗೆಳೆಯ ಮೊದಲು ನೋಡಲಿ. ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ಹೇಳಬೇಕಾದವನು ಅವನು.

ಕೊಡುವಾಗ ಕೈಯಿಂದ ಕೈಗೆ ಕೊಡಬೇಡಿ, ಕೆಳಗಿಡಿ. ಕುಂದಾಪುರದ ನಮ್ಮ ಮನೆಯಲ್ಲಿ ಉಪ್ಪು, ಮೆಣಸಿನಕಾಯಿ, ಕತ್ತಿ ಮೂರಕ್ಕೂ ಇದೇ ನಿಯಮವಾಗಿತ್ತು. ಇಂಗ್ಲೆಂಡಿನವರೂ ಚಾಕುವನ್ನು ಉಡುಗೊರೆಯಾಗಿ ಪಡೆದರೆ ಸ್ನೇಹ ಕಡಿಯದಿರಲೆಂದು ಒಂದು ನಾಣ್ಯವನ್ನು ಮರಳಿ ಕೊಡುತ್ತಾರೆ. ನಂಬಿಕೆಯೋ ಮೂಢನಂಬಿಕೆಯೋ, ಖರ್ಚಂತೂ ಇಲ್ಲ.

ಉತ್ತರ: ಮಡಗಾಂವ್‌ನಿಂದ

ಪುಣೆಗೆ ಒಯ್ಯುವುದಾದರೆ ಜೇಬಿನಲ್ಲಿ ಬೇಡ, ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಡಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಬಗ್ಗೆ. ನಿಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಹಬ್ಬ, ಚುನಾವಣೆಗಳ ಕಾಲದಲ್ಲಿ ಹೊರಡಿಸುವ ನಿಷೇಧಾಜ್ಞೆಗಳಲ್ಲಿ ಚಾಕುವಿನ ಹೆಸರೂ ಇರುತ್ತದೆ. ಮೆಟ್ರೋದ ತಪಾಸಣೆಯಲ್ಲಿ ಪಟೀನಾದ ಮಹತ್ವವನ್ನು ವಿವರಿಸುವ ಪ್ರಸಂಗ ಯಾರಿಗೂ ಬರಬಾರದು.

ಮಳೆಗಾಲದ ವಿಷಯದಲ್ಲಿ ನೀವು ಒಂಟಿಯಲ್ಲ. ನನ್ನಲ್ಲಿರುವ ಫ್ರಾನ್ಸಿನ ಒಪಿನೆಲ್ ಚಾಕುವಿನ ಬೀಚ್ ಮರದ ಹಿಡಿಕೆ ಜೂನ್ ಬಂದೊಡನೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹಿಡಿಕೆಯ ಹಿಂತುದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ತುಸು ಹೊರಗೆ ಬರುತ್ತದೆ. ಅದರ ತವರಾದ ಸವಾಯ್ ಪ್ರಾಂತದವರೂ ಹೀಗೆಯೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ಕುಟ್ಟುವ ಸದ್ದಿನಿಂದಲೇ ಮಳೆಗಾಲ ಶುರುವಾಯಿತೆಂದು ಲೆಕ್ಕ.

ಉತ್ತರ: ಡೊಂಬಿವಲಿ ಪೂರ್ವ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಮಾಟುಂಗಾದ ಹಿರಿಯರ ಮಾತಿನಂತೆ ಅಂದೇ ರಾತ್ರಿ ಫೋನು ಮಾಡಿದೆ. ನಿರೀಕ್ಷಿಸಿದಂತೆಯೇ ಅವನು ಸುಮ್ಮನಾದ. ಆಮೇಲೆ, ಸಣ್ಣ ಅಲಗನ್ನು ಫೋನಿನ ಹತ್ತಿರ ಹಿಡಿದು ಮುಚ್ಚು ಎಂದ. ಮುಚ್ಚಿದೆ. ಸದ್ದು ಬರಲಿಲ್ಲ. "ಎಣ್ಣಿ ಹಚ್ಚಬ್ಯಾಡ, ಶನಿವಾರ ತಗೊಂಡು ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಕಲ್ಯಾಣದಿಂದ ರೈಲು ಹಿಡಿದು ಹೋದೆ. ಆಮೆಚಿಪ್ಪಿನದನ್ನೂ ಬೇರೆ ಪೊಟ್ಟಣದಲ್ಲಿ ಒಯ್ದಿದ್ದೆ. ಶನಿವಾರ ಅಲಗಿಗೂ ಕೀಲಿಗೂ ಎಣ್ಣೆ ಬಿಟ್ಟು ಅಲ್ಲಿಯೇ ಉಳಿದೆ, ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ ಕುಳಿತೆವು. ತಾಮ್ರದ ಕಾಸು ಅವನ ಸಂಗ್ರಹದ್ದೇ. ಕೆರೆದದ್ದೆಲ್ಲ ಅವನು, ಒರೆಸಿದ್ದು ನಾನು. ಕೆಂಪೆಲ್ಲ ಹೋಯಿತು, ಪಟೀನಾ ಉಳಿಯಿತು, ದೊಡ್ಡ ಅಲಗಿನ ಬುಡದಲ್ಲಿ ಸೂಜಿಮೊನೆಯಷ್ಟು ಮೂರು ಗುಳಿಗಳೂ ಉಳಿದವು. ಅವು ಇನ್ನು ಹೋಗುವುದಿಲ್ಲ. ಕಪ್ಪು ರಸ ತಿಳಿಯಾಗುವ ಹೊತ್ತಿಗೆ ಹನ್ನೊಂದು ಗಂಟೆಯಾಗಿತ್ತು. ಸಣ್ಣ ಅಲಗು ಮೊದಲು ಅರ್ಧಮನಸ್ಸಿನಿಂದ, ಆಮೇಲೆ ಸರಿಯಾಗಿ 'ಟಕ್' ಎಂದಿತು. ಅವನ ತಾಯಿ ಒಳಗಿನಿಂದಲೇ "ನಿಮ್ಮಜ್ಜಂದು ಅಲ್ಲೇನು ಅದು?" ಎಂದು ಕೇಳಿದರು.

ಆಮೇಲೆ ಅವನು ಆಮೆಚಿಪ್ಪಿನ ಚಾಕುವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಮೂಸಿ ನೋಡಿದ, ಹಸಿರಾದ ತಗಡನ್ನು ಉಗುರಿನಿಂದ ಕೆರೆದ, ಅನಂತರ ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು, ಅಂದು ಜುನಾ ಬಾಜಾರಿನಲ್ಲಿ ಇದನ್ನು ಗೆದ್ದವನು ನೀನೇ, ಈಗ ನಾನೂ ಒಪ್ಪುತ್ತೇನೆ, ತೆಗೆದುಕೊಂಡು ಹೋಗು ಎಂದ.